ಒಂದು ಸೈಕಲ್ಲಿನ ಜಮಾ-ಖರ್ಚು



ಈ ತಿಂಗಳ ವಿಷಯ ನಮ್ಮ ಹಿರಿಯರಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ವ್ಯಾಪಾರಿ ಮನೆಯ ಹುಡುಗ ಪಂದ್ಯಕ್ಕೆಂದು ಸೈಕಲ್ ಕೇಳಿದರೆ, ಅದೂ ಒಂದು ಹಳೆಯ ಕಾರಿನ ಬೆಲೆಯ ಸೈಕಲ್ ಕೇಳಿದರೆ, ಮನೆಯವರು ಏನು ಮಾಡಬೇಕು?

ಪ್ರಶ್ನೆ ಬಂದದ್ದು ಕೋಸಗಿಯ ಒಂದು ಅಂಗಡಿ ಮನೆತನದಿಂದ. ತಂದೆ ಬಟ್ಟೆ ವ್ಯಾಪಾರದವರು. ಮಗನಿಗೆ ಇಪ್ಪತ್ತನಾಲ್ಕು ವರ್ಷ. ಅಂಗಡಿಯಲ್ಲಿ ಕೂರುತ್ತಾನೆ, ಲೆಕ್ಕ ನೋಡುತ್ತಾನೆ, ಬೆಳಗಿನ ಜಾವ ಎದ್ದು ಓಡುತ್ತಾನೆ. ಅವನಿಗೆ ಟ್ರಯಥ್ಲಾನ್ ಎಂಬ ಪಂದ್ಯದಲ್ಲಿ ಭಾಗವಹಿಸುವ ಆಸೆ. ತಂದೆ “ಒಂದು ಲಕ್ಷ ಇಪ್ಪತ್ತು ಸಾವಿರ, ಅದರ ಮೇಲೆ ಒಂದು ರೂಪಾಯಿ ಇಲ್ಲ” ಎಂದರು. ಮಗ ಒಂದು ಲಕ್ಷ ಎಂಬತ್ತು ಸಾವಿರಕ್ಕೆ ಯಾರೋ ಬಳಸಿದ ಕಾರ್ಬನ್ ಸೈಕಲ್ ನೋಡಿಟ್ಟಿದ್ದ. ಉಳಿದ ಅರವತ್ತು ಸಾವಿರವನ್ನು ಗೆಳೆಯರ ಹತ್ತಿರ ಕೈಗಡ ತರುತ್ತೇನೆ ಎಂದ. “ಸೈಕಲ್ಲಿಗೆ ಸಾಲ ಮಾಡ್ತೀಯೇನೋ? ಪೇಟ್ಯಾಗ ನನ್ನ ಮುಖ ಏನಾಗಬೇಕು?” ಎಂದು ತಂದೆ ಕೇಳಿದರು. ಅಲ್ಲಿಂದ ಎಂಟು ದಿನ ಗಲ್ಲಾಪೆಟ್ಟಿಗೆಯ ಆಚೆ ಈಚೆ ಕುಳಿತವರ ನಡುವೆ ಮಾತಿಲ್ಲ. ತಾಯಿ ನಮ್ಮನ್ನು ಕೇಳಿದರು: “ಇಬ್ಬರ ಮಾತೂ ಉಳಿಯುವ ಹಾಂಗ ಏನಾದರೂ ಇದ್ದರ ಹೇಳ್ರಿ.”

ಇದೆ. ಮಿತಿಯನ್ನು ಮುರಿಯದೆ, ಆಸೆಯನ್ನೂ ಮುರಿಯದೆ ಈ ಲೆಕ್ಕ ಕೂಡಿಸಬಹುದು. ಇಂಥ ಪ್ರಶ್ನೆ ನಾಳೆ ನಮ್ಮ ಇನ್ನೊಂದು ಮನೆಯಲ್ಲೂ ಏಳುವುದರಿಂದ ಎಲ್ಲರಿಗೂ ಕೂಡಿಯೇ ಬರೆಯುತ್ತಿದ್ದೇವೆ.

ಪಂದ್ಯವೆಂದರೇನು?

ಟ್ರಯಥ್ಲಾನ್ ಎಂದರೆ ಈಜು, ಸೈಕಲ್, ಓಟ ಈ ಮೂರನ್ನೂ ನಡುವೆ ಬಿಡುವಿಲ್ಲದೆ ಮುಗಿಸುವ ಸ್ಪರ್ಧೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಮೊದಲ ಬಾರಿ ಜಾಗ ಸಿಕ್ಕಿತು. ಅಲ್ಲಿ ಒಂದೂವರೆ ಕಿಲೋಮೀಟರ್ ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಇದಕ್ಕಿಂತ ದೊಡ್ಡದು ಐರನ್‌ಮ್ಯಾನ್. ಅದರಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಕೊನೆಗೆ 42.2 ಕಿ.ಮೀ. ಓಟ. 1978ರಲ್ಲಿ ಹವಾಯಿಯಲ್ಲಿ ಇದು ಮೊದಲು ನಡೆದಾಗ ಹೊರಟವರು 15 ಜನ, ಮುಗಿಸಿದವರು 12. ಆಗ ‘ಟ್ರಯಥ್ಲಾನ್ ಸೈಕಲ್’ ಎಂಬ ಬೇರೆ ವಸ್ತುವೇ ಇರಲಿಲ್ಲ. ಇದ್ದ ಸೈಕಲ್ಲಿನ ಮೇಲೆಯೇ ಅವರು 180 ಕಿ.ಮೀ. ತುಳಿದರು.

ಇದರ ಅರ್ಧದಷ್ಟಿನ ಪಂದ್ಯವೂ ಉಂಟು: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಒಟ್ಟು 113 ಕಿ.ಮೀ., ಅಂದರೆ 70.3 ಮೈಲಿ. ಅದಕ್ಕೇ ಅದರ ಹೆಸರಿನಲ್ಲಿ ಆ ಅಂಕೆ. ಗೋವಾದ ಪಣಜಿಯಲ್ಲಿ ಇದು 2019ರಲ್ಲಿ ಮೊದಲ ಬಾರಿ ನಡೆಯಿತು. ನಮ್ಮ ಕೋಸಗಿಯ ಹುಡುಗನ ಗುರಿ ಇದೇ. ಸಾಮಾನ್ಯವಾಗಿ ಎಂಟೂವರೆ ಗಂಟೆಯೊಳಗೆ ಎಲ್ಲವನ್ನೂ ಮುಗಿಸಬೇಕು. ಹೊರಟ ಐದೂವರೆ ಗಂಟೆಯೊಳಗೆ ಸೈಕಲ್ಲಿನಿಂದ ಇಳಿದಿರಬೇಕು.

ಕನ್ನಡ ನಾಡಿನವರಿಗೆ ಇದು ದೂರದ ಮಾತೇನಲ್ಲ. ಬೆಂಗಳೂರಿನ ಅನು ವೈದ್ಯನಾಥನ್ 2009ರಲ್ಲಿ ಕೆನಡಾದಲ್ಲಿ ಮೂರು ದಿನಗಳ ಅಲ್ಟ್ರಾಮ್ಯಾನ್ ಮುಗಿಸಿದರು. ಅದರಲ್ಲಿ ಸೈಕಲ್ಲೊಂದೇ 420 ಕಿ.ಮೀ. ದಕ್ಷಿಣ ಪಶ್ಚಿಮ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರು 2022ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಪೂರ್ಣ ಐರನ್‌ಮ್ಯಾನ್ ಮುಗಿಸಿದರು. ಇನ್ನು ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸೈಕಲ್ ಪಟುಗಳನ್ನು ಇಡೀ ದೇಶವೇ ಬಲ್ಲದು. ಒಕ್ಕಲು ಮನೆಗಳ ಆ ಮಕ್ಕಳು ದುಬಾರಿ ಸೈಕಲ್ ಬರಲೆಂದು ಕಾಯುತ್ತ ಕೂತವರಲ್ಲ.

ಅರವತ್ತು ಸಾವಿರದ ವ್ಯತ್ಯಾಸವೆ?

ಮೊದಲು ಮಗನ ಲೆಕ್ಕವನ್ನೇ ಪರೀಕ್ಷಿಸೋಣ. ಅವನ ಪ್ರಕಾರ ಮಿತಿಗೂ ಬೆಲೆಗೂ ಇರುವ ಅಂತರ ಅರವತ್ತು ಸಾವಿರ. ಆದರೆ ಸೈಕಲ್ ಒಂದೇ ತಂದರೆ ಪಂದ್ಯ ನಡೆಯುವುದಿಲ್ಲ. ಹೆಲ್ಮೆಟ್ ಬೇಕು, ದೀಪ ಬೇಕು, ಪೆಡಲ್ಲಿಗೆ ಸಿಕ್ಕಿಸುವ ಬೂಟು ಬೇಕು, ಮೈ ಅಳತೆಗೆ ಕೂಡಿಸಬೇಕು, ಟಯರ್ ಟ್ಯೂಬು ಬೇಕು, ರಿಪೇರಿಗೆ ಕೈಯಲ್ಲಿ ಸ್ವಲ್ಪ ಇರಬೇಕು. ಇವೆಲ್ಲ ಕೂಡಿ ಸುಮಾರು ನಲವತ್ತೊಂದು ಸಾವಿರ. ಆಗ ಮೊತ್ತ ಎರಡು ಲಕ್ಷ ಇಪ್ಪತ್ತೊಂದು ಸಾವಿರವಾಯಿತು. ಮಿತಿ ದಾಟಿದ್ದು ಅರವತ್ತಲ್ಲ, ಒಂದು ಲಕ್ಷ ಒಂದು ಸಾವಿರ. ಸರಕಿನ ಬೆಲೆ ಬರೆದು ಸಾಗಣೆ, ಹಮಾಲಿ, ತೂಕದ ಕಸರು ಬರೆಯದ ವ್ಯಾಪಾರಿ ವರ್ಷದ ಕೊನೆಗೆ ಏನಾಗುತ್ತಾನೆಂದು ಓದುಗರಿಗೆ ನಾವು ಹೇಳಬೇಕಿಲ್ಲ.

ಬಳಸಿದ ಕಾರ್ಬನ್ ಸೈಕಲ್ಲಿನಲ್ಲಿ ಇನ್ನೂ ಮೂರು ತೊಡಕುಗಳಿವೆ. ಒಂದು, ಅದು ಮಾರುವವನ ಮೈ ಅಳತೆಯದು, ಕೊಳ್ಳುವವನದಲ್ಲ. ಎರಡು, ಕಾರ್ಬನ್ ಚೌಕಟ್ಟಿಗೆ ಪೆಟ್ಟು ಬಿದ್ದಿದ್ದರೆ ಒಳಗಿನ ಬಿರುಕು ಹೊರಗೆ ಕಾಣದಿರಬಹುದು. ಬಿಲ್ಲಿಲ್ಲ, ವಾರಂಟಿಯಿಲ್ಲ, ಬಣ್ಣದ ಕೆಳಗೆ ಏನಿದೆಯೋ ಗೊತ್ತಿಲ್ಲ. ಮೂರು, ಇಂಥ ಸೈಕಲ್ಲುಗಳಲ್ಲಿ ಕೇಬಲ್ಲು, ಬ್ರೇಕು ಎಲ್ಲ ಚೌಕಟ್ಟಿನೊಳಗೆ ಅಡಗಿರುತ್ತವೆ. ಕೆಟ್ಟರೆ ಕೋಸಗಿಯ ಅಂಗಡಿಯಲ್ಲಿ ಕೈ ಹಾಕುವವರಿಲ್ಲ. ನೂರು ಕಿಲೋಮೀಟರ್ ಆಚೆಯ ಹೈದರಾಬಾದಿಗೆ ಹೊತ್ತುಕೊಂಡು ಹೋಗಬೇಕು.

ಹಾಗೆಂದು ಹುಡುಗನ ಆಸೆ ಹುಸಿಯಲ್ಲ. ಟ್ರಯಥ್ಲಾನ್ ಸೈಕಲ್ ನಿಜವಾಗಿಯೂ ವೇಗದ್ದು. ಆ ವೇಗ ಎಲ್ಲಿಂದ ಬರುತ್ತದೆ, ಅದರಲ್ಲಿ ಎಷ್ಟನ್ನು ಕಡಿಮೆ ಹಣಕ್ಕೆ ಪಡೆಯಬಹುದು ಎಂಬುದೇ ನಾವು ನೋಡಬೇಕಾದದ್ದು. ನಮ್ಮ ಸಲಹೆ ಒಂದೇ ಸಾಲಿನದು: ಹಣ ಮೊದಲು ಮೈಗೆ, ಎರಡನೆಯದಾಗಿ ಜೀವಕ್ಕೆ, ಮೂರನೆಯದಾಗಿ ರಸ್ತೆಗೆ, ನಾಲ್ಕನೆಯದಾಗಿ ಗಾಳಿಗೆ; ಉಳಿದರೆ ಮಾತ್ರ ಕಣ್ಣಿಗೆ.

ಮೊದಲು ಮೈಗೆ

ನಾರಾಯಣಪೇಟೆ ಸೀರೆ ಎಷ್ಟೇ ಚೆಂದವಿರಲಿ, ಕುಪ್ಪಸ ಅಳತೆ ತಪ್ಪಿದರೆ ಉಟ್ಟವರಿಗೆ ಸುಖವಿಲ್ಲ. ಸೈಕಲ್ಲಿಗೂ ಈ ಮಾತು ಸಲ್ಲುತ್ತದೆ. ಮೂರೂವರೆ ಗಂಟೆ ಕುಳಿತು ತುಳಿದು, ಇಳಿದ ಕೂಡಲೇ 21 ಕಿ.ಮೀ. ಓಡಬೇಕಾದವನಿಗೆ ಬೆನ್ನು ಹಿಡಿದರೆ, ಮೊಣಕಾಲು ನೊಂದರೆ ಚೌಕಟ್ಟು ಕಾರ್ಬನ್ ಆದರೇನು, ಅಲ್ಯೂಮಿನಿಯಂ ಆದರೇನು? ಚೌಕಟ್ಟಿನ ಅಳತೆ ಒಮ್ಮೆ ತಪ್ಪಿದರೆ ಸೀಟು ಸರಿಸಿ, ಹ್ಯಾಂಡಲ್ ಬದಲಿಸಿ ಪೂರ್ತಿ ಸರಿಪಡಿಸಲಾಗದು. ಆದ್ದರಿಂದ ಕಾಗದದ ಮೇಲೆ ಎತ್ತರ ನೋಡಿ ತರಿಸದೆ, ಅಂಗಡಿಗೆ ಹೋಗಿ ಎರಡು ಅಳತೆಯ ಸೈಕಲ್ಲುಗಳನ್ನು ಹತ್ತಿ ಓಡಿಸಿ ನೋಡಬೇಕು.

ಸೀಟಿನ ಎತ್ತರಕ್ಕೆ ಒಂದು ಹಳೆಯ ಲೆಕ್ಕವಿದೆ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಯಿಂದ ನೆಲದವರೆಗಿನ ಕಾಲಿನ ಒಳ ಅಳತೆ ತೆಗೆದು, ಅದನ್ನು 0.883ರಿಂದ ಗುಣಿಸಬೇಕು. ಬಂದ ಅಂಕೆಯೇ ಪೆಡಲುಗಳ ನಡುವಿನ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗಿನ ದೂರ. ಒಳ ಅಳತೆ 80 ಸೆಂಟಿಮೀಟರ್ ಇದ್ದವನಿಗೆ ಸುಮಾರು 70.6 ಸೆಂ.ಮೀ. ಆಗುತ್ತದೆ. ಇದು ಆರಂಭಕ್ಕೆ ಮಾತ್ರ. ಸೀಟು ಎಷ್ಟು ಮುಂದೆ, ಹ್ಯಾಂಡಲ್ ಎಷ್ಟು ಎತ್ತರ ಎಂಬುದನ್ನು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಬೈಕ್ ಫಿಟ್ಟಿಂಗ್ ಮಾಡುವವರಿಂದ ಒಮ್ಮೆ ಕೂಡಿಸಿಕೊಂಡು ಬರಬೇಕು. ಹೋಗಿ ಬರುವ ಖರ್ಚೂ ಸೇರಿ ಎಂಟು ಸಾವಿರ ಇಟ್ಟಿದ್ದೇವೆ. ಕೈಗೆ ಏನೂ ಬರಲಿಲ್ಲವೆಂದು ಹಿರಿಯರು ಗೊಣಗುವ ಖರ್ಚು ಇದು. ಆದರೆ ಇಡೀ ಪಟ್ಟಿಯಲ್ಲಿ ಹೆಚ್ಚು ಲಾಭ ಕೊಡುವುದೂ ಇದೇ.

ಸೈಕಲ್ ಯಾವುದು? ಅಲ್ಯೂಮಿನಿಯಂ ಚೌಕಟ್ಟಿನ, ಬಾಗಿದ ಹ್ಯಾಂಡಲ್ಲಿನ ರೋಡ್ ಸೈಕಲ್. ಗೇರು ಶಿಮಾನೊ ಕಂಪನಿಯ ಸೋರಾ ಅಥವಾ ಟಿಯಾಗ್ರಾ ಮಟ್ಟದ್ದಿದ್ದರೆ ಸಾಕು. ಮುಂದಿನ ಹಲ್ಲುಚಕ್ರಗಳು 50 ಮತ್ತು 34 ಹಲ್ಲಿನವು, ಹಿಂದೆ 11ರಿಂದ 32ರವರೆಗೆ ಇದ್ದರೆ ನಮ್ಮ ಸೀಮೆಯ ಏರಿಳಿತಕ್ಕೂ ಗೋವಾಕ್ಕೂ ನಡೆಯುತ್ತದೆ. ಇದಕ್ಕೆ ಎಪ್ಪತ್ತು ಸಾವಿರ. ಹಿಂದಿನ ವರ್ಷದ ಮಾದರಿ ರಿಯಾಯಿತಿಯಲ್ಲಿ ಸಿಕ್ಕರೆ ಬಿಡಬೇಡಿ. ಬಣ್ಣ ಬದಲಾಗಿರುತ್ತದೆ, ಮಾಲು ಹೆಚ್ಚು ಕಡಿಮೆ ಅದೇ.

ರೋಡ್ ಸೈಕಲ್ಲಿಗೆ ಇನ್ನೊಂದು ಅನುಕೂಲವಿದೆ. ಒಲಿಂಪಿಕ್ಸ್‌ನಂಥ, ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಓಡಿಸಲು ಬಿಡುವ ಪಂದ್ಯಗಳಲ್ಲಿ ಟ್ರಯಥ್ಲಾನ್ ಸೈಕಲ್ಲಿಗೆ ಪ್ರವೇಶವೇ ಇಲ್ಲ, ಬಾಗಿದ ಹ್ಯಾಂಡಲ್ಲೇ ಬೇಕು. ಐರನ್‌ಮ್ಯಾನ್ ಮಾದರಿಯಲ್ಲಿ ಹಾಗೆ ಅಂಟಿಕೊಳ್ಳುವಂತಿಲ್ಲ, ಹನ್ನೆರಡು ಮೀಟರ್ ಅಂತರ ಬಿಡಬೇಕು. ಅಲ್ಲಿ ಎರಡೂ ಬಗೆಯ ಸೈಕಲ್ ನಡೆಯುತ್ತವೆ. ಒಂದೇ ಸೈಕಲ್ ಎರಡು ಕಡೆಗೂ ಆಯಿತು.

ಎರಡನೆಯದು ಜೀವಕ್ಕೆ

ಕೋಸಗಿಯಿಂದ ಕೊಡಂಗಲ್ ಕಡೆಗೋ ಮಹಬೂಬನಗರದ ಕಡೆಗೋ ಬೆಳಿಗ್ಗೆ ಹೋದವರಿಗೆ ರಸ್ತೆಯ ಪರಿಚಯವಿದೆ. ತಾಂಡೂರಿನ ಹಾಸುಗಲ್ಲು ಹೊತ್ತ ಲಾರಿ, ಎಮ್ಮೆ, ಕುರಿಮಂದೆ, ಬಣ್ಣ ಬಳಿಯದ ಹಂಪು. ಹಿಂದಿನ ಕೆಂಪು ದೀಪ ಹಗಲಲ್ಲೂ ಮಿನುಗುತ್ತಿರಬೇಕು, ಮುಂದಿನ ದೀಪ ನಸುಕಿನಲ್ಲಿ ಗುಂಡಿ ತೋರಿಸುವಷ್ಟು ಪ್ರಖರವಿರಬೇಕು. ಹೆಲ್ಮೆಟ್ ಪರೀಕ್ಷೆಗೊಳಗಾದ ಗುರುತಿನದ್ದಿರಬೇಕು, ತಲೆಗೆ ಸರಿಯಾಗಿ ಕೂರಬೇಕು. ಪಂದ್ಯದಲ್ಲಂತೂ ಹೆಲ್ಮೆಟ್ಟಿನ ಪಟ್ಟಿ ಬಿಗಿಯದೆ ಸೈಕಲ್ ಮುಟ್ಟುವಂತಿಲ್ಲ. ಆ ನಿಯಮ ಮನೆಯಂಗಳದಲ್ಲೂ ನಡೆಯಲಿ. ಈ ಮೂರಕ್ಕೆ ಏಳು ಸಾವಿರ. ಬೇರೆ ಯಾವುದಕ್ಕೆ ಹಣ ಸಾಲದಿದ್ದರೂ ಇಲ್ಲಿಂದ ಮಾತ್ರ ತೆಗೆಯಬಾರದು. ಇನ್ನು ಕಾಸು ಬೀಳದ ಸುರಕ್ಷೆಗಳೂ ಇವೆ: ಎದ್ದು ಕಾಣುವ ಬಣ್ಣದ ಅಂಗಿ, ಜೊತೆಗೊಬ್ಬ ಸಂಗಾತಿ, ಯಾವ ದಾರಿ ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯಲ್ಲಿ ಹೇಳಿ ಹೊರಡುವುದು. ತಾಯಂದಿರ ಅರ್ಧ ಚಿಂತೆ ಇಷ್ಟರಲ್ಲೇ ಇಳಿಯುತ್ತದೆ.

ಮೂರನೆಯದು ರಸ್ತೆಗೆ

ಸೈಕಲ್ ರಸ್ತೆಯನ್ನು ಮುಟ್ಟುವುದು ಎರಡು ಹೆಬ್ಬೆರಳಿನಷ್ಟು ಜಾಗದಲ್ಲಿ. ಕಡಿಮೆ ಬೆಲೆಯ ಸೈಕಲ್ಲುಗಳ ಜೊತೆ ಬರುವ ಟಯರು ಹೆಚ್ಚಾಗಿ ಒರಟು, ಭಾರ. ಅದನ್ನು ತೆಗೆದು 28 ಮಿಲಿಮೀಟರ್ ಅಗಲದ ಒಳ್ಳೆಯ ಟಯರ್ ಹಾಕಿದರೆ ಓಟವೂ ಹಗುರ, ಹಿಡಿತವೂ ಗಟ್ಟಿ. ಚೌಕಟ್ಟಿನಲ್ಲಿ ಅಷ್ಟು ಅಗಲಕ್ಕೆ ಎಡೆಯಿದೆಯೇ ಎಂದು ಕೊಳ್ಳುವಾಗಲೇ ಕೇಳಿ. ಟಯರಿನ ಮೇಲೆ ಬರೆದ ಗರಿಷ್ಠ ಒತ್ತಡದವರೆಗೆ ಗಾಳಿ ತುಂಬಬೇಕಿಲ್ಲ. ನಮ್ಮ ಒರಟು ಡಾಂಬರಿನ ಮೇಲೆ ಸ್ವಲ್ಪ ಕಡಿಮೆಯೇ ಹಿತ, ವೇಗಕ್ಕೂ ಅದೇ ಒಳ್ಳೆಯದು.

ನಮ್ಮ ಕಡೆ ಜಾಲಿ ಮುಳ್ಳಿಗೆ ಬರವಿಲ್ಲ. ಎರಡು ಟ್ಯೂಬು, ಟಯರ್ ಬಿಚ್ಚುವ ಪಟ್ಟಿ, ಕೈಪಂಪು ಸೀಟಿನ ಕೆಳಗಿನ ಚೀಲದಲ್ಲಿ ಸದಾ ಇರಲಿ. ಪಂದ್ಯದ ದಾರಿಯಲ್ಲಿ ಅಣ್ಣ ತಮ್ಮಂದಿರು ಬಂದು ಪಂಕ್ಚರ್ ಹಾಕಿಕೊಡುವಂತಿಲ್ಲ. 90 ಕಿ.ಮೀ. ಅನ್ನು ಗಂಟೆಗೆ 28ರಂತೆ ತುಳಿದರೆ ಮೂರು ಗಂಟೆ ಹದಿಮೂರು ನಿಮಿಷ. 30ರಂತೆ ತುಳಿದರೆ ಮೂರು ಗಂಟೆ. ಲಕ್ಷ ಸುರಿದು ಆ ಹದಿಮೂರು ನಿಮಿಷ ಉಳಿಸಿದವನು ಟ್ಯೂಬು ಬದಲಿಸಲು ಬಾರದೆ ರಸ್ತೆ ಬದಿಯಲ್ಲಿ ಅರ್ಧ ಗಂಟೆ ಕುಳಿತರೆ ಏನು ಬಂತು? ಅಂಗಡಿ ಮುಚ್ಚಿದ ಮೇಲೆ ಹತ್ತು ಸಲ ಬಿಚ್ಚಿ ಹಾಕಿ ಅಭ್ಯಾಸ ಮಾಡಲಿ. ಟಯರು, ಟ್ಯೂಬು, ಪಂಪು, ಉಪಕರಣ ಕೂಡಿ ಒಂಬತ್ತು ಸಾವಿರ. ಬೂಟು ಮತ್ತು ಪೆಡಲ್ಲಿಗೆ ಹನ್ನೊಂದು ಸಾವಿರ.

ನಾಲ್ಕನೆಯದು ಗಾಳಿಗೆ

ಸಮತಟ್ಟು ರಸ್ತೆಯಲ್ಲಿ ವೇಗ ಹೆಚ್ಚಿದಂತೆ ಸವಾರನ ಶಕ್ತಿಯ ಬಹುಭಾಗವನ್ನು ತಿನ್ನುವುದು ಗಾಳಿ. ಅದನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ: ಗಂಟೆಗೆ 30ರಿಂದ 33ಕ್ಕೆ ಹೋಗಬೇಕಾದರೆ, ಹತ್ತರಷ್ಟು ವೇಗಕ್ಕೆ ಮೂವತ್ತಮೂರರಷ್ಟು ಶಕ್ತಿ ಹೆಚ್ಚು ಬೇಕು. ಆ ಗಾಳಿಗೆ ಅಡ್ಡ ನಿಲ್ಲುವುದರಲ್ಲಿ ಸೈಕಲ್ಲಿನ ಪಾಲು ಕಡಿಮೆ, ಸವಾರನ ಮೈಯ ಪಾಲೇ ದೊಡ್ಡದು. ಆದ್ದರಿಂದ ಚೌಕಟ್ಟಿನ ಆಕಾರಕ್ಕಿಂತ ಕುಳಿತ ಭಂಗಿ ಮುಖ್ಯ.

ಇದಕ್ಕೊಂದು ಪ್ರಸಿದ್ಧ ನಿದರ್ಶನ 1989ರ ಟೂರ್ ಡಿ ಫ್ರಾನ್ಸ್. ಕೊನೆಯ ದಿನದ 24.5 ಕಿ.ಮೀ. ಓಟಕ್ಕೆ ಮುಂಚೆ ಅಮೆರಿಕದ ಗ್ರೆಗ್ ಲೆಮಾಂಡ್, ಫ್ರಾನ್ಸಿನ ಲೊರಾಂ ಫಿನ್ಯೋಗಿಂತ 50 ಸೆಕೆಂಡ್ ಹಿಂದಿದ್ದರು. ಲೆಮಾಂಡ್ ತಮ್ಮ ಹ್ಯಾಂಡಲ್ಲಿಗೆ ಟ್ರಯಥ್ಲಾನಿನವರು ಬಳಸುತ್ತಿದ್ದ, ಮುಂದಕ್ಕೆ ಚಾಚಿದ ಕೊಳವೆ ಜೋಡಿಸಿ, ಮೊಣಕೈ ಊರಿ, ಮೈ ತಗ್ಗಿಸಿ ಓಡಿಸಿದರು. ಫಿನ್ಯೋ ಬರಿತಲೆಯಲ್ಲಿ, ಅಂಥ ಕೊಳವೆಯಿಲ್ಲದೆ ಓಡಿಸಿದರು. ಮೂರು ವಾರಗಳ ಆ ಓಟವನ್ನು ಲೆಮಾಂಡ್ ಕೇವಲ 8 ಸೆಕೆಂಡ್‌ಗಳಿಂದ ಗೆದ್ದರು.

ಅದೇ ಬಗೆಯ ಕೊಳವೆ, ಕ್ಲಿಪ್-ಆನ್ ಏರೋ ಬಾರ್ ಎಂಬ ಹೆಸರಿನಲ್ಲಿ, ಇಂದು ಒಂಬತ್ತು ಸಾವಿರದ ಆಸುಪಾಸು ಸಿಗುತ್ತದೆ. ರೋಡ್ ಸೈಕಲ್ಲಿಗೆ ಉದ್ದ ಕಡಿಮೆಯದ್ದನ್ನು ಆರಿಸಿ, ಸೀಟನ್ನು ತುಸು ಮುಂದೆ ತಂದರೆ ಭಂಗಿ ಕೂಡುತ್ತದೆ. ಟ್ರಯಥ್ಲಾನ್ ಸೈಕಲ್ ಕೊಡುವ ಲಾಭದ ಒಳ್ಳೆಯ ಪಾಲು ಇದರಿಂದಲೇ ಬರುತ್ತದೆ. ಆದರೆ ಒಂದು ಎಚ್ಚರಿಕೆ: ಮೊಣಕೈ ಊರಿದಾಗ ಬೆರಳು ಬ್ರೇಕಿನಿಂದ ದೂರವಿರುತ್ತದೆ. ಊರೊಳಗೆ, ಮಂದೆಯ ನಡುವೆ, ಲಾರಿ ಕಂಡಲ್ಲಿ ಆ ಭಂಗಿ ಸಲ್ಲದು. ಖಾಲಿ ರಸ್ತೆಯಲ್ಲಿ ಮಾತ್ರ.

ಇನ್ನು ಕಣ್ಣಿಗೆ ಬೇಕೆನಿಸುವುವು: ಕಾರ್ಬನ್ ಚಕ್ರ, ವಿದ್ಯುತ್ ಗೇರು, ಹೆಸರಾಂತ ಕಂಪನಿಯ ಅಕ್ಷರ. ಇವು ಈ ವರ್ಷ ಬೇಡ. ಎರಡು ಪಂದ್ಯ ಮುಗಿಸಿದ ಮೇಲೆ ಹುಡುಗನೇ ಹೇಳಲಿ, ಯಾವುದು ಬೇಕು ಯಾವುದು ಬೇಡ ಎಂದು.

ಚೀಟಿ ಹೀಗಾಯಿತು

ರೋಡ್ ಸೈಕಲ್ – 70,000
ಅಳತೆಗೆ ಕೂಡಿಸುವುದು, ಪ್ರಯಾಣ ಸಹಿತ – 8,000
ಹೆಲ್ಮೆಟ್, ದೀಪಗಳು – 7,000
ಬೂಟು, ಪೆಡಲ್ – 11,000
ಟಯರ್, ಟ್ಯೂಬು, ಪಂಪು, ಉಪಕರಣ – 9,000
ಏರೋ ಬಾರ್ – 9,000
ಚೈನು, ಬ್ರೇಕ್ ಪ್ಯಾಡ್ ಇತ್ಯಾದಿಗೆ ಶಿಲ್ಕು – 6,000
ಒಟ್ಟು – 1,20,000

ಇವು ಅಂದಾಜು ಬೆಲೆಗಳು; ಊರು, ಅಂಗಡಿ, ಕಾಲ ನೋಡಿ ಹೆಚ್ಚು ಕಡಿಮೆಯಾದೀತು. ಒಂದು ಸಾಲಿನಲ್ಲಿ ಏರಿದರೆ ಇನ್ನೊಂದರಲ್ಲಿ ಇಳಿಸಬೇಕೇ ಹೊರತು ಮೊತ್ತವನ್ನು ಮುಟ್ಟಬಾರದು. ಜೀವದ ಸಾಲನ್ನೂ ಮುಟ್ಟಬಾರದು.

ವ್ಯಾಪಾರಿಗಳಿಗೆ ಎರಡು ಹಿತವಚನ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ತೆರಿಗೆ ಬಿಟ್ಟು 62,500 ರೂಪಾಯಿಯ ಸೈಕಲ್ ಮೊದಲು 70,000ಕ್ಕೆ ಬೀಳುತ್ತಿದ್ದುದು ಈ ದರದಲ್ಲಿ 65,625 ಆಗುತ್ತದೆ. ಹಳೆಯ ಬೆಲೆಚೀಟಿ ತೋರಿಸಿದರೆ ಕೇಳಿ. ಎರಡನೆಯದು, ಅಂಗಡಿಯ ಹೆಸರಿನಲ್ಲಿ ಬಿಲ್ಲು ಮಾಡಿಸಿ ತೆರಿಗೆ ಜಮೆ ಪಡೆಯುವ ಯೋಚನೆ ಬೇಡ. ಸ್ವಂತ ಬಳಕೆಯ ವಸ್ತುವಿಗೆ ಕಾಯ್ದೆ ಅದನ್ನು ಕೊಡುವುದಿಲ್ಲ. ಮಗನ ಹೆಸರಿನಲ್ಲೇ ಬಿಲ್ಲಿರಲಿ, ವಾರಂಟಿಗೂ ಮುಂದೆ ಮಾರುವುದಕ್ಕೂ ಅದೇ ಆಧಾರ. ಕಂತಿನಲ್ಲಿ ಕೊಂಡರೆ ಬಡ್ಡಿಯನ್ನೂ ‘ಬಡ್ಡಿಯಿಲ್ಲ’ ಎಂದವರು ಹಾಕುವ ಶುಲ್ಕವನ್ನೂ ಈ 1,20,000ದ ಒಳಗೇ ಬರೆಯಬೇಕು.

ನಮ್ಮ ಮನೆಗಳಿಗೆ ಸಂಬಂಧಿಸಿದ ಮಾತೊಂದಿದೆ. ಪಂದ್ಯದ ಸೀಟುಗಳು ಹೆಚ್ಚಾಗಿ ಕೃತಕ ವಸ್ತುವಿನವೇ. ಆದರೆ ಹಳೆಯ ಶೈಲಿಯ ಕೆಲವು ದುಬಾರಿ ಸೀಟುಗಳು, ಕೆಲವು ಬೂಟು ಕೈಗವಸುಗಳು ಚರ್ಮದವು. ಕೇಳಿ ಕೊಳ್ಳಿ. ದಾರಿಯಲ್ಲಿ ಜಗಿಯಲು ಮಾರುವ ಮಿಠಾಯಿಗಳಲ್ಲಿ ಜಿಲಟಿನ್ ಇರುವುದುಂಟು. ಅದು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು. ಚೀಟಿ ಓದದೆ ಬಾಯಿಗೆ ಹಾಕಬಾರದು. ಬಾಳೆಹಣ್ಣು, ಖರ್ಜೂರ, ಬೆಲ್ಲದ ಶೇಂಗಾ ಚಿಕ್ಕಿ ನಮ್ಮಲ್ಲೇ ಇವೆ, ಅಗ್ಗವೂ ಹೌದು.

ಪರಿಗ್ರಹ ಪರಿಮಾಣವನ್ನು ನಾವು ಚಿನ್ನ, ಜಮೀನು, ಮನೆಗಳಿಗೆ ಹೇಳಿಕೊಂಡು ಬಂದಿದ್ದೇವೆ. ಹರೆಯದ ಹುಡುಗ ಅದನ್ನು ಮೊದಲು ಕಲಿಯುವುದು ಪ್ರಾಯಶಃ ಇಂಥ ವಸ್ತುವಿನಲ್ಲಿಯೇ. ಮಿತಿಯೆಂದರೆ ‘ಬೇಡ’ ಎಂದಲ್ಲ. ಇಷ್ಟರೊಳಗೆ ಬುದ್ಧಿ ಓಡಿಸು ಎಂದು.

ಆದ್ದರಿಂದ ಕೋಸಗಿಯ ಆ ಮನೆಗೆ ನಾವು ಕೊಟ್ಟ ಸಲಹೆ ಇಷ್ಟು. ಮೇಲಿನ ಚೀಟಿಯನ್ನು ತಂದೆ ಮಗ ಕೂಡಿ ಬರೆಯಲಿ, ಇಬ್ಬರೂ ಸಹಿ ಹಾಕಲಿ. ಮಗನ ಕಡೆಯ ಕರಾರು: ಕೈಗಡವಿಲ್ಲ, ಮೊತ್ತ ಮೀರುವುದಿಲ್ಲ, ಹೆಲ್ಮೆಟ್ ದೀಪವಿಲ್ಲದೆ ಹೊಸ್ತಿಲು ದಾಟುವುದಿಲ್ಲ. ತಂದೆಯ ಕಡೆಯ ಕರಾರೂ ಬೇಕು: ಕೊಟ್ಟ ಮೇಲೆ ಗಿರಾಕಿಗಳ ಮುಂದೆ “ಇಷ್ಟು ದುಡ್ಡು ಸೈಕಲ್ಲಿಗೆ ಹೋಯಿತು” ಎಂದು ಚುಚ್ಚುವುದಿಲ್ಲ, ಭಾನುವಾರ ಬೆಳಿಗ್ಗೆ ಹತ್ತರವರೆಗೆ ಅಂಗಡಿಗೆ ಕರೆಯುವುದಿಲ್ಲ. ಮನೆಯಲ್ಲಿ ಮಗಳಿದ್ದು ನಾಳೆ ಅವಳೂ ಏನಾದರೂ ಕೇಳಿದರೆ ಅವಳಿಗೂ ಇಂಥದ್ದೇ ಒಂದು ಚೀಟಿ ಬರೆಯಲಾಗುವುದು ಎಂಬ ಸಾಲನ್ನು ತಾಯಿ ಸೇರಿಸಲಿ.

ಉಳಿದ ಆರು ಸಾವಿರದ ಶಿಲ್ಕು ತಾಯಿಯ ಕೈಯಲ್ಲಿರಲಿ. ಚೈನು ಸವೆದಾಗ ಹುಡುಗ ಅವರನ್ನೇ ಕೇಳಬೇಕು.